ಬಂದವರು ಉಂಡ ಮೇಲೆ

ಟಿವಿ ತಂದದ್ದು ನಮ್ಮಕ್ಕನ ಸಲುವಾಗಿಯೇ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕೇಳಿದವರೆಲ್ಲ ಮಗ ಸೊಸೆ ತಮ್ಮ ಶೋಕಿಗೆ ತಂದುಕೊಂಡು ಮುದುಕಿಯನ್ನು ಮೂಲೆಗೆ ತಳ್ಳಿದರು ಎಂದುಕೊಳ್ಳುತ್ತಾರೆ. ಹಾಗಾಗಿದ್ದರೆ ನನಗೂ ಸುಲಭವಿತ್ತು. ಯಾರನ್ನಾದರೂ ಎದುರಿಗೆ ನಿಲ್ಲಿಸಿಕೊಂಡು ಚೆನ್ನಾಗಿ ಬೈದು ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದೆ. ಬೈಯುವುದರಲ್ಲಿ ನಾನೇನು ಹಿಂದೆ ಬಿದ್ದವಳಲ್ಲ. ಬೀರೂರಿನ ನಮ್ಮ ತೆಂಗಿನಕಾಯಿ ಮಂಡಿಯಲ್ಲಿ ಹಮಾಲರು ನನ್ನ ಗಂಡನಿಗಿಂತ ನನ್ನ ಬಾಯಿಗೇ ಹೆದರುವುದು.

ಅಕ್ಕನ ಹೆಸರು ಮಲ್ಲಿಕಾಂಬ. ನಮ್ಮ ತವರು ಶಿವನಿಯ ಆಚೆ, ಮಠಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿತ್ತು. ಅಮಾವಾಸ್ಯೆ ಹುಣ್ಣಿಮೆಗೆ ನಡೆದು ಹೋಗುವವರು ನಮ್ಮ ಜಗಲಿಯ ಮೇಲೆ ದಣಿವಾರಿಸಿಕೊಳ್ಳಲು ಕೂರುತ್ತಿದ್ದರು. ಕೂತವರನ್ನು ಊಟ ಹಾಕದೆ ಕಳಿಸುವ ಹಾಗಿರಲಿಲ್ಲ. ಬಂದವರು ಉಂಡು, ಗಂಡಸರು ಉಂಡು, ಮಕ್ಕಳು ಉಂಡು, ಎಲ್ಲ ಮುಗಿದ ಮೇಲೆ ಅವ್ವ ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಕೂತು ಉಣ್ಣುವಳು. ಮನೆಯ ಹೆಂಗಸು ಉಣ್ಣುವುದನ್ನು ಬಂದವರು ನೋಡಬಾರದು, ಪಾತ್ರೆಯ ತಳ ಕಂಡರೆ ಅವರು ಇನ್ನೊಂದು ತುತ್ತು ಕೇಳಲು ನಾಚಿಕೊಳ್ಳುತ್ತಾರೆ ಎಂಬುದು ಅವಳ ನ್ಯಾಯ. ಅಕ್ಕ ದೊಡ್ಡ ಮಗಳಾದ್ದರಿಂದ ಲಂಗ ಹಾಕುವ ಕಾಲದಿಂದಲೇ ಅವ್ವನ ಪಕ್ಕ ಗೋಡೆಗೆ ಮುಖ ಮಾಡಿ ಕೂರುವುದನ್ನು ಕಲಿತಳು.

ಮದುವೆಯಾಗಿ ಹೋದದ್ದು ಅಜ್ಜಂಪುರದ ಗೊಬ್ಬರದ ಅಂಗಡಿ ತೀರ್ಥಪ್ಪನವರ ಮನೆಗೆ. ಅಲ್ಲೂ ಅದೇ. ಈರುಳ್ಳಿ ಬೀಜಕ್ಕೆ, ಗೊಬ್ಬರಕ್ಕೆ ಸುತ್ತಿನ ಹಳ್ಳಿಯವರೆಲ್ಲ ಅವರ ಅಂಗಡಿಗೇ ಬರುವುದು. ಬಸ್ಸು ತಪ್ಪಿದವರು, ಮಳೆಗೆ ಸಿಕ್ಕಿದವರು ಯಾರೇ ಇರಲಿ, ಭಾವ "ನಡೀರಿ, ಮನೇಲಿ ಒಂದ್ ತುತ್ತು ಉಂಡ್ಕಂಡ್ ಹೋಗೀರಂತೆ" ಎಂದು ಕರೆದುಕೊಂಡು ಬರುವರು. ತೀರ್ಥಪ್ಪೋರ ಮನೆಗೆ ಹೋಗಿ ಉಣ್ಣದೆ ಬಂದವರಿಲ್ಲ ಎಂದು ಭಾವನಿಗೆ ದೊಡ್ಡ ಹೆಸರಾಯಿತು. ಮುದ್ದೆ ತಿರುವಿ ತಿರುವಿ ರಟ್ಟೆ ಬಿದ್ದುಹೋದದ್ದು ಅಕ್ಕನಿಗೆ. ಆ ರಟ್ಟೆಗೆ ಯಾರೂ ಹೆಸರು ಕೊಡಲಿಲ್ಲ. ನಾನು ಇದನ್ನು ಭಾವನ ಎದುರಿಗೇ ಹೇಳಿದ್ದೇನೆ. ಅವರು ನಕ್ಕು, "ಮಂಗಳಮ್ಮಂಗೆ ಯಾವಾಗ್ಲೂ ನನ್ಮೇಲೆ ಒಂದ್ ಕಣ್ಣು" ಎಂದು ಎದ್ದು ಹೋಗುವರು.

ಅರವತ್ತೈದು ದಾಟಿದ ಮೇಲೆ ಅಕ್ಕನಿಗೆ ಮರೆವು ಶುರುವಾಯಿತು. ಸಾರಿಗೆ ಎರಡು ಸಲ ಉಪ್ಪು ಬಿತ್ತು, ಎಲ್ಲರೂ ಸುಮ್ಮನಿದ್ದರು. ಗುಡಿಗೆ ಹೋದವಳು ಮನೆ ದಾರಿ ತಿಳಿಯದೆ ರೈಲ್ವೆ ಗೇಟಿನ ಹತ್ತಿರ ನಿಂತಿದ್ದಳು, ಯಾರೋ ಗುರುತು ಹಿಡಿದು ಕರೆತಂದರು. ಆಮೇಲೆ ಒಂದು ದಿನ ಗ್ಯಾಸು ಹಚ್ಚಿಟ್ಟು ಮಲಗಿಬಿಟ್ಟಳು. ಶಿವಮೊಗ್ಗದ ಡಾಕ್ಟರು ಇದು ವಯಸ್ಸಿನ ಮರೆವಲ್ಲ, ಮೆದುಳಿನ ಕಾಯಿಲೆ ಎಂದು ಮಾತ್ರೆ ಬರೆದುಕೊಟ್ಟರು. ಒಂಟಿಯಾಗಿ ಬಿಡಬೇಡಿ, ಸುತ್ತ ಮಾತುಕತೆ ಇರಲಿ ಎಂದರು. ಸರಿ, ಮಾತುಕತೆಗೆ ಯಾರಿದ್ದಾರೆ? ಭಾವ ಮತ್ತು ಮಗ ಓಂಕಾರೇಶ ಬೆಳಗಾದರೆ ಅಂಗಡಿಗೆ. ಸೊಸೆ ತನುಜಾ ತರೀಕೆರೆಯ ಒಂದು ಶಾಲೆಯಲ್ಲಿ ಟೀಚರು. ಅವಳು ಮಧ್ಯಾಹ್ನದ ಅಡಿಗೆಯನ್ನೂ ಮುಗಿಸಿ, ಗಂಡಸರಿಗೆ ಡಬ್ಬಿ ಕಟ್ಟಿ, ಗ್ಯಾಸಿನ ರೆಗ್ಯುಲೇಟರ್ ಬಂದ್ ಮಾಡಿ ಬೆಳಗಿನ ಬಸ್ಸಿಗೆ ಓಡುವಳು. ಮನೆಯಲ್ಲಿ ಮಕ್ಕಳಿಲ್ಲ. ಅಕ್ಕನ ಜೊತೆ ಗೋಡೆಗಳು ಮಾತ್ರ.

ಅದಕ್ಕೇ ದೀಪಾವಳಿಯಲ್ಲಿ ಓಂಕಾರೇಶ ಕಡೂರಿಗೆ ಹೋಗಿ ಅರವತ್ತೈದು ಇಂಚಿನ ಸ್ಮಾರ್ಟ್ ಟಿವಿ ತಂದ. ಲಗೇಜ್ ಆಟೋದಲ್ಲಿ ಅಡ್ಡ ನಿಲ್ಲಿಸಿಕೊಂಡು, ಪಕ್ಕದಲ್ಲಿ ತಾನೇ ಹಿಡಿದು ಕೂತು ಬಂದನಂತೆ. ಬಾಗಿಲಿಂದ ಬೀರುವಿನವರೆಗೆ ಇಡೀ ಗೋಡೆ ಅದಕ್ಕೇ ಹೋಯಿತು. "ಅಮ್ಮಂಗೆ ಜನ ಇದ್ದಂಗಿರ್ತದೆ ಚಿಕ್ಕಮ್ಮ. ಚಿಕ್ಕ ಟಿವೀಲಿ ಮುಖಾನೇ ಕಾಣ್ತಿರ್ಲಿಲ್ಲ ಅವ್ಳಿಗೆ" ಎಂದು ನನಗೆ ಫೋನು ಮಾಡಿ ಹೇಳಿದ. ಬೆಳಿಗ್ಗೆ ಹಚ್ಚಿ ಹೋದರೆ ಸಂಜೆಯವರೆಗೂ ಒಂದಾದ ಮೇಲೊಂದು ತಾನಾಗಿಯೇ ಬರುತ್ತಿತ್ತು. ವಾರ್ತೆ, ಧಾರಾವಾಹಿ, ಪ್ರವಚನ, ಅಡಿಗೆ, ಎಲ್ಲ. ಅಕ್ಕ ಖುಷಿಯಾಗಿದ್ದಾಳೆ ಎಂದು ಎಲ್ಲರೂ ಖುಷಿಪಟ್ಟರು.

ಚಿಕ್ಕ ಟಿವಿಯಲ್ಲಿ ಮನುಷ್ಯರು ಗೇಣುದ್ದ ಇರುತ್ತಿದ್ದರು. ಇದರಲ್ಲಿ ಅವರ ತಲೆ ನಮ್ಮ ತಲೆಯಷ್ಟೇ ದೊಡ್ಡದು. ನಮಗೆ ಅದು ಚಂದ ಕಂಡಿತು. ಅಕ್ಕನಿಗೆ ಅವರು ಮನೆಗೆ ಬಂದವರಾದರು. ವಾರ್ತೆ ಓದುವ ಹುಡುಗ ಕಂಡ ಕೂಡಲೇ ಸೆರಗು ತಲೆಯ ಮೇಲೆ ಎಳೆದುಕೊಂಡು, "ಯಾವೂರಪ್ಪ? ಕೂತ್ಕ, ಅವ್ರು ಅಂಗ್ಡಿಗೆ ಹೋಗವ್ರೆ, ಬತ್ತಾರೆ" ಎನ್ನುವಳು. ಒಂದು ಭಾನುವಾರ ಟಿವಿಯ ಮುಂದೆ ಎರಡು ಲೋಟ ಕಾಫಿ ಇಟ್ಟು ಪಕ್ಕಕ್ಕೆ ನಿಂತಳಂತೆ. ತನುಜಾ ಅದನ್ನು ಮೊಬೈಲಿನಲ್ಲಿ ಹಿಡಿದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಎಲ್ಲರೂ ಹಲ್ಲು ಕಿರಿಯುವ ಗೊಂಬೆಗಳನ್ನು ಹಾಕಿದರು. ನಾನು ಫೋನು ಮಾಡಿ, "ಏನಮ್ಮಾ ತನುಜಾ, ನಿಮ್ಮವ್ವ ಆಗಿದ್ರೆ ಹಿಂಗೇ ಹಾಕ್ತಿದ್ದಾ?" ಎಂದೆ. ಅವಳು ತಕ್ಷಣ ಅಳಿಸಿ ಹಾಕಿದಳು. ಅತ್ತಳೂ ಅಂತೆ. ಕೆಟ್ಟ ಹುಡುಗಿಯಲ್ಲ ಅವಳು.

ಸಂಕ್ರಾಂತಿಗೆ ಎಳ್ಳುಬೆಲ್ಲ ತೆಗೆದುಕೊಂಡು ಹೋದೆ. ಬಾಗಿಲು ತೆಗೆದದ್ದು ಅಕ್ಕನೇ. ರವಿಕೆ ಭುಜದಿಂದ ಜಾರುತ್ತಿದೆ. ಬಳೆಗಳು ಮೊಣಕೈವರೆಗೂ ಓಡಾಡುತ್ತಿವೆ. ಕೆನ್ನೆಯ ಮೂಳೆ ಎದ್ದು ಮುಖ ನಮ್ಮವ್ವ ಸಾಯುವಾಗ ಇದ್ದಂತಾಗಿದೆ. ನನ್ನ ಗುರುತೂ ಸಿಗಲಿಲ್ಲ. "ಬರ್ರಮ್ಮ, ಒಳ್ಗೆ ಜನ ಅವ್ರೆ, ಏನೂ ಅನ್ಕಬ್ಯಾಡಿ" ಎಂದು ಒಳಗೆ ಕರೆದಳು.

ಡಾಕ್ಟರಿಗೆ ತೋರಿಸದೆ ಏನೂ ಇರಲಿಲ್ಲ ಮನೆಯವರು. ರಕ್ತ, ಥೈರಾಯಿಡ್, ಸಕ್ಕರೆ, ಹೊಟ್ಟೆಯ ಸ್ಕ್ಯಾನು, ಎಲ್ಲ ಮಾಡಿಸಿದ್ದರು. ಎಲ್ಲ ಸರಿಯಾಗಿದೆ. ಆದರೂ ಹೀಗೇ ತೂಕ ಇಳಿದರೆ ಜೀವ ಬಹಳ ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. "ಊಟ ಮಾಡ್ತಾರೆ ಚಿಕ್ಕಮ್ಮ. ಸಂಜೆ ನಾನು ಬಂದಾಗ ಪಾತ್ರೆ ಎಲ್ಲ ಖಾಲಿ ಇರುತ್ತೆ, ತಟ್ಟೆ ತೊಳೆದಿಟ್ಟಿರ್ತಾರೆ. ಮೈಗೇ ಹತ್ತುತಾ ಇಲ್ಲ" ಎಂದಳು ತನುಜಾ. ಬೀರೂರಿಗೆ ಫೋನು ಮಾಡಿ, ನಾನು ಇನ್ನು ಕೆಲವು ದಿನ ಬರುವುದಿಲ್ಲ, ಕುಕ್ಕರ್ ಇಡಲು ಕಲಿತುಕೊಳ್ಳಿ ಎಂದು ಗಂಡನಿಗೆ ಹೇಳಿ ಅಲ್ಲೇ ಉಳಿದೆ.

ಮಾರನೆಯ ದಿನ ಮನೆ ಖಾಲಿಯಾದ ಮೇಲೆ ಅಡಿಗೆಮನೆಯ ಬಾಗಿಲ ಬಳಿ ಕೂತು ನೋಡುತ್ತಿದ್ದೆ. ಟಿವಿಯಲ್ಲಿ ಏನೋ ಚರ್ಚೆ. ಪರದೆ ತುಂಬ ಚೌಕ ಚೌಕಗಳಲ್ಲಿ ಎಂಟು ಜನ ಕೂತು ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು. ಅಕ್ಕ ಬೆರಳು ಮಡಿಸಿ ಎಣಿಸಿದಳು. ಒಳಗೆ ಹೋಗಿ ಆರು ತಟ್ಟೆ ತಂದಳು. ಸಾಲಲಿಲ್ಲ, ಎರಡು ಪಾತ್ರೆಯ ಮುಚ್ಚಳ ತಂದಳು. ಟಿವಿಯ ಮುಂದೆ ನೆಲದ ಮೇಲೆ ಸಾಲಾಗಿ ಇಟ್ಟು, ಅನ್ನ ಬಡಿಸಿ, ಸಾರು ಬಿಟ್ಟು, ಮೇಲೆ ಒಂದೊಂದು ಹಪ್ಪಳ ಇಟ್ಟಳು. ತನ್ನ ಪಾಲಿಗೆ ಪಾತ್ರೆಯಲ್ಲಿ ಒಂದು ಮುಷ್ಟಿ ಅನ್ನ ಬಿಟ್ಟುಕೊಂಡು ಸೆರಗು ಹೊದ್ದು ಗೋಡೆಗೆ ಒರಗಿ ನಿಂತಳು.

"ಅಕ್ಕಾ, ನೀನು ಉಣ್ಣು" ಎಂದೆ.

"ಬಂದೋರು ಇನ್ನೂ ಉಂಡಿಲ್ವಲ್ಲ ತಾಯಿ. ನೋಡಿ, ಅದೇನ್ ಜಗ್ಳವೋ, ಎದ್ರಿಗೆ ಅನ್ನ ಇಕ್ಕಂಡು ಕಿತ್ತಾಡ್ತಾ ಕೂತವ್ರೆ. ಅವ್ರು ಉಣ್ದೆ ನಾನೆಂಗೆ ಉಣ್ಲಿ?"

ಹಸಿವಾಗಿತ್ತು ಅವಳಿಗೆ. ಅದನ್ನು ನಾನು ಕಣ್ಣಾರೆ ಕಂಡೆ. ಹಪ್ಪಳದ ಕಡೆ ನೋಡಿ ಎಂಜಲು ನುಂಗಿದಳು. ಮಧ್ಯಾಹ್ನವೆಲ್ಲ ನಿಂತಿದ್ದಳು. ಎಂಟು ಜನ ಹೋಗಿ ಒಬ್ಬ ಜ್ಯೋತಿಷಿ ಬಂದ, ಅವನು ಹೋಗಿ ಯಾವುದೋ ಧಾರಾವಾಹಿಯ ಅತ್ತೆ ಸೊಸೆ ಬಂದರು. ಯಾರೂ ಉಣ್ಣಲಿಲ್ಲ. ಸಂಜೆಯಾಗುತ್ತಲೇ ಅಕ್ಕ ಬೇಸರದಿಂದ ತಟ್ಟೆಗಳನ್ನೆಲ್ಲ ಎತ್ತಿ, ತನ್ನ ಮುಷ್ಟಿ ಅನ್ನವನ್ನೂ ಸೇರಿಸಿ, ಹಿತ್ತಲ ಬೇಲಿಯಾಚೆ ಪಕ್ಕದ ಮನೆಯವರ ಹಸುವಿನ ಬಾನಿಗೆ ಸುರಿದಳು. ತಟ್ಟೆಗಳನ್ನು ತೊಳೆದು ಬೋರಲು ಹಾಕಿದಳು. ಆ ಹಸು ಮಾತ್ರ ಚೆನ್ನಾಗಿ ಮೈ ತುಂಬಿಕೊಂಡಿತ್ತು.

ಸಂಜೆ ಎಲ್ಲರೂ ಬಂದ ಮೇಲೆ ಮೂವರನ್ನೂ ಕೂರಿಸಿಕೊಂಡು ಕೇಳಿದೆ. "ಅಕ್ಕ ಉಣ್ಣೋದನ್ನ ನಿಮ್ಮಲ್ಲಿ ಯಾರು ನೋಡೀರಿ? ನೆನ್ನೆ ಮೊನ್ನೆ ಬ್ಯಾಡ. ಯಾವತ್ತಾದ್ರೂ?"

"ರಾತ್ರಿ ನಮ್ಗೆಲ್ಲ ಬಡಿಸಿ ಆಮೇಲೆ ಉಣ್ತಾಳಲ್ಲ" ಎಂದರು ಭಾವ.

"ನೋಡೀರಾ ಅಂದೆ."

ಭಾವ ಓಂಕಾರೇಶನ ಮುಖ ನೋಡಿದರು. ಓಂಕಾರೇಶ ಹೆಂಡತಿಯ ಮುಖ ನೋಡಿದ. ರಾತ್ರಿ ಇವರು ಮೂವರೂ ತಟ್ಟೆ ಹಿಡಿದು ಟಿವಿಯ ಮುಂದೆಯೇ ಕೂರುವವರು. ಅಕ್ಕ ಬಡಿಸಿ ಒಳಗೆ ಹೋಗುವಳು. ಮಾತ್ರೆಯ ಜೊತೆ ಕೊಡುವ ಹಾಲು ಔಷಧ ಎಂದು ಕುಡಿಯುತ್ತಿದ್ದಳು. ಅಷ್ಟೇ ಅವಳ ಜೀವ ಹಿಡಿದಿದ್ದದ್ದು. ನಲವತ್ತು ವರ್ಷಕ್ಕೂ ಮೇಲೆ ಒಂದೇ ಸೂರಿನಡಿ ಬಾಳಿದ ಗಂಡನಿಗೆ ಹೆಂಡತಿಯ ಬಾಯಿಗೆ ತುತ್ತು ಹೋದದ್ದನ್ನು ಕಂಡ ನೆನಪಿಲ್ಲ. ಕಾಣದಿದ್ದದ್ದು ನಿಂತುಹೋದರೆ ತಿಳಿಯುವುದಾದರೂ ಹೇಗೆ?

ಓಂಕಾರೇಶ ಎದ್ದು ಟಿವಿಯ ಪ್ಲಗ್ ಕಿತ್ತು, ಮೇಲೆ ಹಾಸಿಗೆಯ ಹೊದಿಕೆ ಹೊದಿಸಿದ. ಆಯಿತಲ್ಲ, ಮುಗಿಯಿತು ಎಂದುಕೊಂಡೆವು. ಅಕ್ಕ ಅಡಿಗೆಮನೆಯಿಂದ ಬಂದು ನೋಡಿದಳು. ಮುಖ ಕಪ್ಪಿಟ್ಟಿತು. "ಎದ್ದೋಗ್ಬಿಟ್ರಾ? ಉಣ್ದೆ ಎದ್ದೋಗ್ಬಿಟ್ರಾ?" ಎನ್ನುತ್ತಾ ಬಾಗಿಲು ತೆಗೆದು ಬೀದಿಗೆ ಇಳಿದಳು. ಗೇಟು ಹಿಡಿದು ನಿಂತು, ಹೋಗುವ ಬರುವವರನ್ನೆಲ್ಲ, "ಬರ್ರಪ್ಪಾ, ಬ್ಯಾಸ್ರ ಮಾಡ್ಕಬ್ಯಾಡಿ, ಉಂಡ್ಕಂಡ್ ಹೋಗ್ರಪ್ಪಾ" ಎಂದು ಕರೆಯತೊಡಗಿದಳು. ಎದುರು ಮನೆಯವರು ಕಿಟಕಿಯಿಂದ ನೋಡಿದರು. ಭಾವ ತೋಳು ಹಿಡಿದು ಒಳಗೆ ಕರೆತಂದರು. ಬಂದವರು ಹಸಿದುಕೊಂಡು ಹೋದ ಮನೆಯಲ್ಲಿ ನೀರು ಮುಟ್ಟಬಾರದು ಎಂದು ಮಾತ್ರೆಯ ಹಾಲನ್ನೂ ಬಿಟ್ಟಳು. ನಾನು ಅನ್ನ ಕಲಸಿ ಬಾಯಿಗೆ ಇಡಲು ಹೋದರೆ ಹಲ್ಲು ಕಚ್ಚಿ ಹಿಡಿದಳು. ಭಾವ ತಾವೇ ಎರಡು ತಟ್ಟೆ ಇಟ್ಟುಕೊಂಡು, "ಬಾರೇ, ಇಬ್ರೂ ಉಣ್ಣಾನ" ಎಂದರು. ಪಾಪ, ಅವರು ಮೊದಲ ತುತ್ತು ಎತ್ತುತ್ತಲೇ ಅವಳು ಎದ್ದು ಮಜ್ಜಿಗೆ ತರಲು ಹೋದಳು.

ದಾರಿ ತೋಚಿದ್ದು ತನುಜಾಗೆ. "ಟಿವೀಲಿ ಬಂದವ್ರು ಊಟ ಮಾಡಿಬಿಟ್ರೆ ಆಯ್ತಲ್ಲ ಚಿಕ್ಕಮ್ಮ" ಎಂದಳು. ನನಗೆ ಅರ್ಥವಾಗಲಿಲ್ಲ. ಅವಳು ಹೊದಿಕೆ ತೆಗೆದು, ರಿಮೋಟು ಬಾಯಿಯ ಹತ್ತಿರ ಹಿಡಿದು, ಊಟ ಮಾಡುವ ವಿಡಿಯೋ ಎಂದು ಕೇಳಿದಳು. ಮೊದಲು ಬಂದದ್ದು ಯಾವನೋ ಒಬ್ಬ ಕೋಳಿಯ ಕಾಲು ಹಿಡಿದು ಕಚ್ಚಿ ಎಳೆಯುವುದು. ಲಿಂಗ ಕಟ್ಟಿದವರ ಮನೆಯಲ್ಲಿ, ಅದೂ ಗೋಡೆ ಅಗಲಕ್ಕೆ! ಭಾವ "ಶಿವಶಿವಾ, ತೆಗೀಯಮ್ಮ ಅದನ್ನ" ಎಂದು ಮುಖ ತಿರುಗಿಸಿದರು. ಆಗ ಓಂಕಾರೇಶ ಬೀರುವಿನಿಂದ ಒಂದು ಪೆನ್ ಡ್ರೈವ್ ಹುಡುಕಿ ತಂದ. ಈ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗಿನ ವಿಡಿಯೋ.

ಹೋಮ, ಹಸು, ಹಾಲುಕ್ಕಿಸುವುದು ಎಲ್ಲ ದಾಟಿಸಿ ಊಟದ ಪಂಕ್ತಿಗೆ ನಿಲ್ಲಿಸಿದರು. ಶಾಮಿಯಾನದ ಕೆಳಗೆ ಬಾಳೆ ಎಲೆಯ ಉದ್ದ ಸಾಲು. ಸುತ್ತಿನ ಹಳ್ಳಿಯವರು, ನೆಂಟರು, ಅಂಗಡಿಯ ಹಮಾಲರು ಎಲ್ಲ ಸಾಲಾಗಿ ಕೂತಿದ್ದಾರೆ. ಬಡಿಸಿದರು, ಕಲಸಿದರು, ಬಾಯಿ ತುಂಬ ಉಂಡರು. ಟಿವಿಯ ಸದ್ದು ಕೇಳಿ ಅಕ್ಕ ಒಳಗಿನಿಂದ ಬಂದು ಗೋಡೆಗೆ ಒರಗಿ ನಿಂತಳು. ಒಬ್ಬ ಮುದುಕ ಪಾಯಸ ಸುರಿದು ಎಲೆ ಒರೆಸುವಂತೆ ತಿಂದದ್ದನ್ನು ನೋಡಿ ಅವಳ ಮುಖ ಅರಳಿತು. ಎಲ್ಲರೂ ಎಲೆ ಮಡಿಸಿ ಎದ್ದರು. "ಉಂಡ್ರು. ಎಲ್ರೂ ಹೊಟ್ಟೆ ತುಂಬ ಉಂಡ್ರು" ಎಂದು ಯಾರಿಗೋ ಒಪ್ಪಿಸುವಂತೆ ಹೇಳಿ ಒಳಗೆ ಹೋದಳು. ನಾವು ನಾಲ್ವರೂ ಬಾಗಿಲ ಸಂದಿಯಿಂದ ನೋಡಿದೆವು. ಗೋಡೆಗೆ ಮುಖ ಮಾಡಿ ಕೂತು ಅಕ್ಕ ಅನ್ನ ಕಲಸಿದಳು. ಅವಳ ಬೆನ್ನು ಮತ್ತು ದವಡೆ ಅಲುಗುವುದಷ್ಟೇ ಕಾಣುತ್ತಿತ್ತು. ಭಾವ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. ನಾನು ತನುಜಾಳ ತಲೆ ಸವರಿ, "ಬದುಕಿಸ್ಬಿಟ್ಟೆ ಕಣೇ" ಎಂದೆ.

ದಿನವೂ ಅದೇ ನಡೆಯಿತು. ಬೆಳಿಗ್ಗೆ ಒಂದು ಪಂಕ್ತಿ, ಮಧ್ಯಾಹ್ನ ಒಂದು ಪಂಕ್ತಿ, ರಾತ್ರಿ ಒಂದು ಪಂಕ್ತಿ. ಮಧ್ಯಾಹ್ನದ್ದನ್ನು ಹಚ್ಚಲು ಓಂಕಾರೇಶ ಅಂಗಡಿಯಿಂದ ಓಡಿ ಬರುವನು. ಅಕ್ಕನ ಕೆನ್ನೆ ಸ್ವಲ್ಪ ತುಂಬಿತು. ಒಮ್ಮೆ ಹಸಿಮೆಣಸಿನಕಾಯಿ ಕಡಿಮೆ ಎಂದು ಸೊಸೆಗೆ ಗದರಿದಳಂತೆ. ಅದನ್ನು ತನುಜಾ ಹಬ್ಬದ ಸುದ್ದಿಯಂತೆ ಹೇಳಿಕೊಂಡಳು. ನಾನು ಬೀರೂರಿನ ಬಸ್ಸು ಹತ್ತಿ ಬಂದೆ.

ಶಿವರಾತ್ರಿ ಕಳೆದಿತ್ತು. ತನುಜಾ ಫೋನು ಮಾಡಿದಳು. "ಚಿಕ್ಕಮ್ಮ, ಬನ್ನಿ. ಅತ್ತೆ ಮತ್ತೆ ಬಿಟ್ಬಿಟ್ರು."

ಹೋದೆ. ಎಂದಿನಂತೆ ಪಂಕ್ತಿ ನಡೆಯುತ್ತಿತ್ತು. ಅಕ್ಕ ನಿಂತಿರಲಿಲ್ಲ, ಟಿವಿಗೆ ಹತ್ತಿರ ಹತ್ತಿರ ಕೂತಿದ್ದಳು. ಎಲೆ ಮಡಿಸಿ ಎಲ್ಲರೂ ಎದ್ದರು. ಅವಳು ಏಳಲಿಲ್ಲ. ಪರದೆಯ ಅಂಚಿನಲ್ಲಿ ಹಸಿರು ರೇಷ್ಮೆ ಸೀರೆಯ ಒಬ್ಬ ಹೆಂಗಸು ತುಪ್ಪದ ಗಿಂಡಿ ಹಿಡಿದು ಸಾಲಿನಿಂದ ಸಾಲಿಗೆ ಓಡಾಡುತ್ತಿದ್ದಳು. ಬಗ್ಗುವಳು, ಬಡಿಸುವಳು, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಎಂದು ಕೈಸನ್ನೆ ಮಾಡುವಳು, ಮುಂದಕ್ಕೆ ಹೋಗುವಳು.

ಅಕ್ಕ ಬೆರಳು ತೋರಿಸಿದಳು. "ಆಯಮ್ಮ ಯಾರು?"

ತನುಜಾ ರಿಮೋಟು ಒತ್ತಿ ಚಿತ್ರವನ್ನು ಅಲ್ಲೇ ನಿಲ್ಲಿಸಿದಳು.

"ಆಗ್ಲಿಂದ ನೋಡ್ತಾ ಇವ್ನಿ. ಎಲ್ರೂ ಉಂಡ್ರು. ಆಯಮ್ಮ ಒಬ್ಳು ಉಂಡಿಲ್ಲ. ಕಾಲು ಎಷ್ಟ್ ನೋಯ್ತಾ ಇರ್ಬೋದು."

ಭಾವ ಅವಳ ಪಕ್ಕ ನೆಲಕ್ಕೆ ಕೂತರು. "ಅದು ನೀನೇ ಕಣೇ ಮಲ್ಲೀ" ಎಂದರು. ಅವರು ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಕ್ಕ ಅವರನ್ನು ಹುಚ್ಚರನ್ನು ನೋಡುವಂತೆ ನೋಡಿದಳು. "ನಾನು ಇಲ್ಲಿ ಕೂತಿಲ್ವೇನ್ರೀ?" ಎಂದಳು.

ಸರಿ, ಆಯಮ್ಮ ಉಂಡದ್ದನ್ನು ತೋರಿಸಿಬಿಡೋಣ ಎಂದು ಹುಡುಕಲು ಕೂತೆವು. ಗೃಹಪ್ರವೇಶದ ವಿಡಿಯೋ ಕೊನೆಯವರೆಗೂ ನೋಡಿದೆವು. ಶಾಮಿಯಾನ ಬಿಚ್ಚುವವರು ಕೂಡ ಕೂತು ಉಂಡಿದ್ದಾರೆ, ಅವಳು ಅವರಿಗೂ ಬಡಿಸುತ್ತಿದ್ದಾಳೆ. ಓಂಕಾರೇಶನ ಮದುವೆಯ ವಿಡಿಯೋ ಹಾಕಿದೆವು. ಅದರಲ್ಲಿ ಭೂಮದ ಊಟವಿದೆ; ಹೆಣ್ಣು ಗಂಡಿನ ಜೊತೆ ಗಂಡಿನ ಅಪ್ಪ ಅಮ್ಮ ಎಲ್ಲ ಒಟ್ಟಿಗೆ ಕೂತು ಉಣ್ಣಲೇಬೇಕು. ಕೂತಿದ್ದಾಳೆ ಅಕ್ಕ! ಎಲೆಯ ಮುಂದೆ ಕೂತಿದ್ದಾಳೆ. ಅನ್ನ ಕಲಸಿದಳು. ತುತ್ತು ಕಟ್ಟಿದಳು. ತುತ್ತು ಗಲ್ಲದ ಮಟ್ಟಕ್ಕೆ ಬಂತು. ಅಷ್ಟರಲ್ಲಿ ಯಾರೋ ಕರೆದಿದ್ದಾರೆ, ಕತ್ತು ತಿರುಗಿಸಿದಳು, ತುತ್ತು ಎಲೆಗೆ ಇಳಿಸಿ ಎದ್ದಳು. ಫೋಟೋದವನು ಮದುಮಗಳ ಮುಖಕ್ಕೆ ಕ್ಯಾಮೆರಾ ತಿರುಗಿಸಿದ. ಕರೆದವರು ಯಾರೆಂದು ಭಾವನಿಗೆ ಗೊತ್ತಿತ್ತು ಎಂದು ಕಾಣುತ್ತದೆ, ಅವರು ತಲೆ ತಗ್ಗಿಸಿದರು.

ಓಂಕಾರೇಶನ ಮೊಬೈಲು ಮುಖದ ಗುರುತು ಹಿಡಿದು ಅಕ್ಕನ ಫೋಟೋಗಳನ್ನೆಲ್ಲ ಒಂದು ಕಡೆ ಮಾಡಿಕೊಟ್ಟಿತು. ಸೌಟು ಹಿಡಿದವಳು, ಆರತಿ ತಟ್ಟೆ ಹಿಡಿದವಳು, ಲೋಟಗಳ ತಟ್ಟೆ ಹಿಡಿದವಳು, ಯಾರದೋ ಮಗುವಿಗೆ ತಿನ್ನಿಸುತ್ತಿರುವವಳು. ತನುಜಾ ಒಂದೊಂದನ್ನೂ ಸರಿಸಿದಳು. ತಿನ್ನುತ್ತಿರುವ ಒಂದು ಫೋಟೋ ಇರಲಿಲ್ಲ. ಹುಟ್ಟುಹಬ್ಬದ ಕೇಕು ಕೂಡ ಅವಳು ಬೇರೆಯವರ ಬಾಯಿಗೆ ಇಡುತ್ತಿರುವುದೇ. ಓಂಕಾರೇಶ ಮೊಬೈಲನ್ನು ಸೋಫಾದ ಮೇಲೆ ಎಸೆದು ಹಿತ್ತಲಿಗೆ ಹೋದ. ಅವನು ಅಳುವುದು ಒಳಗೆ ಕೇಳುತ್ತಿತ್ತು.

ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಿದೆವು. ಮೂಗಿನಿಂದ ನಳಿಕೆ ಇಳಿಸಿದರು. ಕಣ್ಣು ತಪ್ಪಿಸಿ ಕಿತ್ತಳು. ಕೈ ಕಟ್ಟಬೇಕಾಗುತ್ತದೆ ಎಂದರು. ಕೈ ಕಟ್ಟುವುದು ಬೇಡ ಎಂದು ಭಾವ ಮನೆಗೆ ಕರೆತಂದರು. ಬಂದವಳೇ ಟಿವಿ ಹಾಕಿ ಎಂದಳು. ಆಯಮ್ಮ ಇವತ್ತಾದರೂ ಉಂಡಳೋ ಏನೋ ನೋಡಬೇಕಂತೆ.

ಆಗ ನಾನು ಹೇಳಿದೆ. ಅಕ್ಕ ತಂಗಿ ಇಬ್ಬರೂ ಅವ್ವನ ಮುಖ ಹೊತ್ತು ಬಂದವರು. ಹಳೆಯ ಪರಿಚಯದವರು ಈಗಲೂ ಬೀದಿಯಲ್ಲಿ ನನ್ನನ್ನು ಮಲ್ಲಿಕಮ್ಮ ಎಂದು ಕರೆದು ನಾಲಿಗೆ ಕಚ್ಚಿಕೊಳ್ಳುತ್ತಾರೆ. "ಆ ಹಸಿರು ಸೀರೆ ತೆಗೀರಿ. ನಾನು ಉಟ್ಕಂಡು ಉಣ್ತೀನಿ. ವಿಡಿಯೋ ಮಾಡಿ ಅದ್ರ ಕೊನೆಗೆ ಅಂಟ್ಸಿ" ಎಂದೆ. ತನುಜಾ ನನಗೆ ಸೀರೆ ಉಡಿಸಿ, ಗೃಹಪ್ರವೇಶದ ದಿನ ಅಕ್ಕ ಮುಡಿದಿದ್ದಂತೆಯೇ ಹೂವು ಮುಡಿಸಿದಳು. ಅಕ್ಕನ ಕನ್ನಡಕ ಹಾಕಿದಳು. ಅವಳಂತೆಯೇ ಅಗಲವಾಗಿ ವಿಭೂತಿ ಇಟ್ಟಳು. ಹೋಳಿಗೆ, ಕೋಸಂಬರಿ, ಪಾಯಸ ಎಲ್ಲ ಮಾಡಿ ಎಲೆಗೆ ಬಡಿಸಿದಳು. ಓಂಕಾರೇಶ ಮೊಬೈಲು ಹಿಡಿದ. ಒಳಕೋಣೆಯಲ್ಲಿ ಅಕ್ಕ ಮಲಗಿದ್ದಳು. ಆದರೂ ಉಂಡೆ. ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ಉಂಡೆ, ಪಾಯಸ ಎರಡು ಸಲ ಹಾಕಿಸಿಕೊಂಡು ಉಂಡೆ, ಬಾಯಿ ಕ್ಯಾಮೆರಾಗೆ ಚೆನ್ನಾಗಿ ಕಾಣುವಂತೆ ಕತ್ತೆತ್ತಿ ಉಂಡೆ.

ಮಾರನೆಯ ದಿನ ಅಕ್ಕನನ್ನು ಎತ್ತಿ ತಂದು ದಿಂಬಿಗೆ ಒರಗಿಸಿ ಟಿವಿಯ ಮುಂದೆ ಕೂರಿಸಿದೆವು. ಪಕ್ಕದಲ್ಲಿ ಮೆತ್ತಗೆ ಮಾಡಿದ ಅನ್ನ, ತಿಳಿಸಾರು ಸಿದ್ಧವಾಗಿಟ್ಟಿದ್ದೆವು. ಪಂಕ್ತಿ ನಡೆಯಿತು. ಎಲೆ ಮಡಿಸಿ ಎಲ್ಲರೂ ಎದ್ದರು. ಆಮೇಲೆ ನಾನು ಬಂದೆ, ಗೋಡೆಯಷ್ಟಗಲ, ಹಸಿರು ಸೀರೆಯಲ್ಲಿ, ಎಲೆಯ ಮುಂದೆ ಕೂತು. ಮೊದಲ ತುತ್ತು ಬಾಯಿಗಿಟ್ಟೆ.

ಅಕ್ಕ ಮುಂದಕ್ಕೆ ಬಾಗಿದಳು. ಕಣ್ಣು ಕಿರಿದು ಮಾಡಿ ನೋಡಿದಳು. ಎಷ್ಟೋ ದಿನದಿಂದ ಕಾಣದಿದ್ದ ನಗು ಅವಳ ಮುಖಕ್ಕೆ ಬಂತು. ಭಾವ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಅಯ್ಯೋ, ನಮ್ ಮಂಗ್ಳಿ ಕಣ್ರೀ ಇವ್ಳು" ಎಂದಳು. "ನನ್ ತಂಗಿ. ಬೀರೂರಿಗೆ ಕೊಟ್ಟೈತೆ. ಯಾವಾಗ್ ಬಂದ್ಳು ನೋಡು, ನಂಗೆ ಯಾರೂ ಹೇಳ್ಳೇ ಇಲ್ಲ. ಉಣ್ಲಿ, ಉಣ್ಲಿ, ದೂರದಿಂದ ಬಂದವ್ಳೆ."

ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅವಳು ನನ್ನನ್ನು ನೋಡಲಿಲ್ಲ. ನಾನು ಪಾಯಸ ಮುಗಿಸಿ ಎಲೆ ಮಡಿಸುವವರೆಗೂ ಟಿವಿಯನ್ನೇ ನೋಡಿ ಸಂತೋಷಪಟ್ಟಳು. ತನುಜಾ ಅನ್ನದ ತಟ್ಟೆಯನ್ನು ಅವಳ ಕೈಯ ಹತ್ತಿರ ಸರಿಸಿದಳು. ಅಕ್ಕ ತಟ್ಟೆಯನ್ನು ನೋಡಿ, ಮತ್ತೆ ಪರದೆಯನ್ನು ನೋಡಿದಳು.

"ಆಯಮ್ಮಂಗೆ ಏನಾರ ಉಳ್ದೈತಾ?"

ಭಾವ, "ಉಳ್ದೈತೆ ಕಣೇ" ಎಂದರು.

"ಹಂಗಾರೆ ಮುಚ್ಚಿಡಿ ಇದ್ನ. ಬತ್ತಾಳೆ. ಕಾಯ್ತೀನಿ" ಎಂದು ಅಕ್ಕ ದಿಂಬಿಗೆ ಒರಗಿದಳು.

ಹಾಗೆ ಕಾಯುತ್ತಾ ಆ ವಾರ ಕಳೆಯುವುದರೊಳಗೆ ತೀರಿಕೊಂಡಳು.